ವಿವಾಹ ಸಹಮ: ಟಾಲೆಮಿ ಬಿಟ್ಟದ್ದು, ಡೊರೋಥಿಯಸ್ ಕೊಟ್ಟದ್ದು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಗ್ರೀಕ್ ಜ್ಯೋತಿಷದಲ್ಲಿ ಮದುವೆ ಎಂಬ ನಿಮ್ಮ ಲೇಖನದಲ್ಲಿ ಟಾಲೆಮಿಯನ್ನು ಎರಡೇ ಸಾಲಿನಲ್ಲಿ ಮುಗಿಸಿ, ಡೊರೋಥಿಯಸ್‌ಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದೀರಿ. ಟಾಲೆಮಿ ವಿಜ್ಞಾನಿ, ಉಳಿದವರು ಸಂತೆಯಲ್ಲಿ ಕೂತು ಫಲ ಹೇಳಿದವರು. ಗ್ರಹಗಳ ಅಂತರವನ್ನು ಲಗ್ನಕ್ಕೆ ಕೂಡಿಸಿ ಹುಡುಕುವ ವಿವಾಹ ಸಹಮವೆಂಬ ಬಿಂದುವಂತೂ ಬರೀ ಕಟ್ಟುಕತೆ. ಮಗನ ಜಾತಕ ಹಾಕಿ ಮೂರು ಆ್ಯಪ್‌ಗಳಲ್ಲಿ ನೋಡಿದೆ, ಮೂರೂ ಬೇರೆ ಬೇರೆ ರಾಶಿ ತೋರಿಸಿದವು.’

ಮಾನ್ಯರೇ, ಲೇಖನವನ್ನು ಕಡೆಯವರೆಗೆ ಓದಿ ಜಗಳಕ್ಕೆ ಬಂದಿದ್ದೀರಿ, ಸಂತೋಷ. ಟಾಲೆಮಿಗೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ಅವನ ಜ್ಯೋತಿಷ ಗ್ರಂಥ ‘ಟೆಟ್ರಾಬಿಬ್ಲೋಸ್’ನ ನಾಲ್ಕನೇ ಭಾಗದ ಐದನೇ ಅಧ್ಯಾಯ ಅಚ್ಚುಕಟ್ಟಾಗಿದೆ. ಗಂಡಿನ ಜಾತಕದಲ್ಲಿ ಚಂದ್ರನನ್ನು ನೋಡು, ಹೆಣ್ಣಿನದರಲ್ಲಿ ಸೂರ್ಯನನ್ನು. ಗಂಡಿನ ಚಂದ್ರ ಪೂರ್ವದ ಪಾದಗಳಲ್ಲಿದ್ದರೆ (ಪಾದವೆಂದರೆ ಇಲ್ಲಿ ಕುಂಡಲಿಯ ಕಾಲುಭಾಗ, ನಕ್ಷತ್ರಪಾದವಲ್ಲ) ಬೇಗ ಮದುವೆ ಅಥವಾ ಕಿರಿಯ ಹೆಂಡತಿ, ಪಶ್ಚಿಮದ ಪಾದಗಳಲ್ಲಿದ್ದರೆ ತಡವಾಗಿ ಅಥವಾ ಹಿರಿಯಳೊಂದಿಗೆ. ಇಬ್ಬರ ಜಾತಕದ ಸೂರ್ಯಚಂದ್ರರೂ ತ್ರಿಕೋಣದಲ್ಲೋ ಮೂರು-ಹನ್ನೊಂದರಲ್ಲೋ ಪರಸ್ಪರ ನೋಡಿದರೆ ಸಂಸಾರ ನಿಲ್ಲುತ್ತದೆ. ಚೌಕದಲ್ಲಿದ್ದರೆ, ಎದುರುಬದುರಾಗಿದ್ದರೆ ಅಥವಾ ಒಂದನ್ನೊಂದು ಕಾಣದ ರಾಶಿಗಳಲ್ಲಿದ್ದರೆ ಮುರಿಯುತ್ತದೆ. ಚೆಂದದ ಸೂತ್ರವೇ. ಇಪ್ಪತ್ತನೇ ಶತಮಾನದಲ್ಲಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಇಂಥದ್ದನ್ನೇ 483 ದಂಪತಿಗಳ ಜಾತಕಗಳಲ್ಲಿ ಹುಡುಕಿದ. ಮೊದಲ ಕಂತಿನಲ್ಲಿ ಹೆಂಡತಿಯ ಚಂದ್ರನೂ ಗಂಡನ ಸೂರ್ಯನೂ ಕೂಡಿದ್ದು ಎದ್ದು ಕಂಡಿತು, ಎರಡನೇ ಕಂತಿನಲ್ಲಿ ಬೇರೊಂದು ಯೋಗ, ಮೂರನೆಯದರಲ್ಲಿ ಮತ್ತೊಂದು. ಟಾಲೆಮಿಯ ಮಾತು ಇಲ್ಲಿಗೆ ಸಾಕು.

ಇನ್ನು ನೀವು ಸಂತೆಗೆ ಕಳಿಸಿದ ಡೊರೋಥಿಯಸ್. ಕ್ರಿ.ಶ. ಒಂದನೇ ಶತಮಾನದವನು, ಐದು ಭಾಗಗಳ ಗ್ರಂಥವನ್ನು ಗ್ರೀಕ್ ಪದ್ಯದಲ್ಲಿ ಬರೆದ. ಎರಡನೇ ಭಾಗದ ಆರಂಭವೇ ಮದುವೆ. ಅವನು ಶುಕ್ರ ನಿಂತ ರಾಶಿಯ ತ್ರಿಕೋಣಾಧಿಪತಿಗಳಿಂದ, ಅಂದರೆ ಒಂದೇ ತತ್ತ್ವದ ಮೂರು ರಾಶಿಗಳಿಗೆ ಒಡೆಯರಾದ ಗ್ರಹಗಳಿಂದ, ಶುರುಮಾಡುತ್ತಾನೆ. ಅಗ್ನಿರಾಶಿಗಳಿಗೆ ಹಗಲು ಸೂರ್ಯ, ರಾತ್ರಿ ಗುರು, ಜೊತೆಗೆ ಶನಿ. ಭೂರಾಶಿಗಳಿಗೆ ಶುಕ್ರ, ಚಂದ್ರ, ಕುಜ. ವಾಯುವಿಗೆ ಶನಿ, ಬುಧ, ಗುರು. ಜಲಕ್ಕೆ ಶುಕ್ರ, ಕುಜ, ಚಂದ್ರ. ಇವರು ಲಗ್ನದಿಂದ ಒಳ್ಳೆಯ ಸ್ಥಾನದಲ್ಲಿದ್ದಾರೋ, ಆರು-ಎಂಟು-ಹನ್ನೆರಡಕ್ಕೆ ಬಿದ್ದಿದ್ದಾರೋ, ಸೂರ್ಯನಿಗೆ 15 ಅಂಶದೊಳಗೆ ಸಿಕ್ಕು ಅಸ್ತರಾಗಿದ್ದಾರೋ ಎಂದು ನೋಡಬೇಕು. ಆಮೇಲೆ ಸಹಮ: ಗಂಡಿಗೆ ಶನಿಯಿಂದ ಶುಕ್ರನವರೆಗೆ ಎಣಿಸಿ ಬಂದ ಅಂಶಗಳನ್ನು ಲಗ್ನಕ್ಕೆ ಕೂಡಿಸುವುದು, ಹೆಣ್ಣಿಗೆ ಶುಕ್ರನಿಂದ ಶನಿಯವರೆಗೆ.

ನಿಮ್ಮ ಮೂರು ಆ್ಯಪ್‌ಗಳ ಗುಟ್ಟು ಇಲ್ಲೇ ಇದೆ. ಒಂದು ಲೆಕ್ಕ ಹಾಕೋಣ. ಹಗಲು ಜನನ, ಲಗ್ನ ಮೇಷ 10 ಅಂಶ, ಶನಿ ಕನ್ಯಾ 12, ಸೂರ್ಯ ತುಲಾ 18, ಶುಕ್ರ ವೃಶ್ಚಿಕ 5. ಮೇಷಾದಿಯಿಂದ ಎಣಿಸಿದರೆ ಶನಿ 162, ಶುಕ್ರ 215, ಅಂತರ 53. ಲಗ್ನದ 10 ಕೂಡಿಸಿದರೆ 63, ಅಂದರೆ ಮಿಥುನ 3. ಇದೇ ಜಾತಕ ಹೆಣ್ಣಿನದಾದರೆ ಶುಕ್ರನಿಂದ ಶನಿಗೆ ಎಣಿಸಬೇಕು. 162ರಲ್ಲಿ 215 ಹೋಗದು, 360 ಸೇರಿಸಿ ಕಳೆಯಿರಿ, 307. ಲಗ್ನ ಸೇರಿ 317, ಕುಂಭ 17. ಎರಡನೇ ಶತಮಾನದ ವೆಟ್ಟಿಯಸ್ ವಾಲೆನ್ಸ್‌ನ ಸೂತ್ರವೇ ಬೇರೆ: ಗಂಡಿಗೆ ಸೂರ್ಯನಿಂದ ಶುಕ್ರ, ಹೆಣ್ಣಿಗೆ ಚಂದ್ರನಿಂದ ಕುಜ. ಗಂಡಿಗೆ 17 ಬಂತು, ಲಗ್ನ ಸೇರಿ ಮೇಷ 27. ಒಂದೇ ಕುಂಡಲಿಯಲ್ಲಿ ಮಿಥುನ, ಕುಂಭ, ಮೇಷ. ಅಧಿಪತಿಗಳು ಬುಧ, ಶನಿ, ಕುಜ. ಯಾವ ಸೂತ್ರ ಹಾಕಿದೆ ಎಂದು ಆ್ಯಪ್ ಬಾಯಿ ಬಿಡುವುದಿಲ್ಲ, ನೀವು ಡೊರೋಥಿಯಸ್‌ನನ್ನು ಬೈಯುತ್ತೀರಿ!

ಇನ್ನೊಂದು ಎಡವಟ್ಟು ಅಯನಾಂಶದ್ದು, ಅಂದರೆ ವಿಷುವದಿಂದ ಎಣಿಸುವ ಸಾಯನಕ್ಕೂ ನಕ್ಷತ್ರಗಳಿಂದ ಎಣಿಸುವ ನಿರಯಣಕ್ಕೂ ಇರುವ ಅಂತರದ್ದು. ಮೇಲಿನವು ಸಾಯನ ಅಂಶಗಳು ಎಂದಿಟ್ಟುಕೊಳ್ಳಿ. ಈ ಕಾಲದ ಸುಮಾರು 24 ಅಂಶ ಕಳೆದು ನಿರಯಣಕ್ಕೆ ತಂದರೆ ಶನಿ-ಶುಕ್ರರ ಅಂತರ 53 ಹಾಗೇ ಉಳಿಯುತ್ತದೆ, ಆದರೆ ಸಹಮ ವೃಷಭ 9ಕ್ಕೆ ಜಾರಿ ಅಧಿಪತಿ ಶುಕ್ರನಾಗುತ್ತಾನೆ. ಶುಕ್ರನೂ ತುಲೆಗೆ ಸರಿದು ಜಲತ್ರಿಕೋಣದಿಂದ ವಾಯುವಿಗೆ ಬೀಳುತ್ತಾನೆ. ಅಧಿಪತಿಗಳ ಸಾಲೇ ಬದಲು. ಸಹಮ ಒಂದರಲ್ಲಿ, ತ್ರಿಕೋಣ ಇನ್ನೊಂದರಲ್ಲಿ ಗುಣಿಸಿ ಕೂತವರಿಗೆ ದೇವರೇ ಗತಿ.

ಸಾಯನದಲ್ಲೇ ಓದುವುದಾದರೆ: ಶುಕ್ರ ಸೂರ್ಯನಿಂದ 17 ಅಂಶ ದೂರ, ಕಿರಣಗಳಿಂದ ಆಗಷ್ಟೇ ಪಾರಾದವನು. ಆದರೆ ಲಗ್ನದಿಂದ ಎಂಟರಲ್ಲಿದ್ದಾನೆ, ಹಗಲಿನ ಮೊದಲ ಅಧಿಪತಿಯೂ ತಾನೇ. ಎರಡನೆಯವನಾದ ಕುಜ ಮಕರದಲ್ಲಿ, ಹತ್ತರಲ್ಲಿ, ಉಚ್ಚದಲ್ಲಿದ್ದಾನೆ ಎನ್ನೋಣ. ಡೊರೋಥಿಯಸ್‌ನ ಹಾದಿಯಲ್ಲಿ ಓದುವವನು ‘ಮೊದಮೊದಲು ಪೇಚಾಟ, ಆಮೇಲೆ ನೆಲೆ’ ಎನ್ನುತ್ತಾನೆ. ನಂಬುವುದು ಬಿಡುವುದು ಬೇರೆ ಮಾತು. ಅವನು ಏನನ್ನು ನೋಡಿ ಹೀಗೆ ಹೇಳಿದ ಎಂಬುದು ಮಾತ್ರ ಕಣ್ಣಮುಂದಿದೆ.

ಡೊರೋಥಿಯಸ್‌ನ ಪಠ್ಯ ಬೆರಕೆ ಎಂದರೆ ತಕರಾರಿಲ್ಲ. ಗ್ರೀಕ್ ಮೂಲ ಚೂರುಪಾರು ಉಳಿದಿದೆ. ಉಳಿದದ್ದು ಪರ್ಷಿಯಾದ ಹಳೆಯ ಪಹ್ಲವಿ ಭಾಷೆಯ ಮೂಲಕ ಸುಮಾರು 800ರಲ್ಲಿ ಅರಬ್ಬಿಗೆ ಬಂದದ್ದು. ವಿದ್ವಾಂಸ ಡೇವಿಡ್ ಪಿಂಗ್ರಿ 1976ರಲ್ಲಿ ಅಚ್ಚುಮಾಡಿದ ಆ ಪಠ್ಯದಲ್ಲಿ 381ನೇ ಇಸವಿಯ ಜಾತಕವೊಂದಿದೆ, ರಾಶಿಯನ್ನು ಒಂಬತ್ತು ಪಾಲು ಮಾಡುವ ನಮ್ಮ ನವಾಂಶವೂ ನುಸುಳಿದೆ. ಹಾಗೆಂದು ಮದುವೆಯ ಸೂತ್ರವನ್ನೂ ಪರ್ಷಿಯನ್ನರ ತಲೆಗೆ ಕಟ್ಟಬೇಡಿ. 378ರಲ್ಲಿ ಅಲೆಕ್ಸಾಂಡ್ರಿಯಾದ ಪೌಲಸ್ ಗ್ರೀಕಿನಲ್ಲೇ ಅದನ್ನು ಕೊಟ್ಟಿದ್ದಾನೆ: ಗಂಡಿಗೆ ಶನಿಯಿಂದ ಶುಕ್ರ, ಹೆಣ್ಣಿಗೆ ಶುಕ್ರನಿಂದ ಶನಿ. ಅದೇ ಸೂತ್ರ ಅರಬ್ಬಿಯಿಂದ ಸಂಸ್ಕೃತದ ತಾಜಿಕ ಗ್ರಂಥಗಳಿಗೆ ಬಂದು, ಶುಕ್ರನಲ್ಲಿ ಶನಿ ಕಳೆದು ಲಗ್ನ ಕೂಡಿಸಿ ಎಂದು ವರ್ಷಫಲ ಹಾಕುವವರ ಕೈಯಲ್ಲಿ ಇವತ್ತಿಗೂ ಓಡಾಡುತ್ತಿದೆ. ನಿಮ್ಮೂರ ಜೋಯಿಸರನ್ನು ಕೇಳಿ, ವಿವಾಹ ಸಹಮ ಗೊತ್ತಿದ್ದೀತು. ಟಾಲೆಮಿಯ ಪೂರ್ವಪಾದ ಕೇಳಿದರೆ ಮುಖ ನೋಡಿಯಾರು. ಹದಿನೈದಿಪ್ಪತ್ತು ಶತಮಾನ ಕೈಯಿಂದ ಕೈಗೆ ಬಂದದ್ದನ್ನು ಸಂತೆಯ ಸರಕು ಎನ್ನಲು ನನಗೆ ನಾಲಗೆ ಏಳದು.

ಅದಿರಲಿ, ನಿಜವಾದ ಸಂತೆ ಈಗ ಅಂಗಡಿಯ ಕಪಾಟಿನಲ್ಲಿದೆ. ‘ಗ್ರೀಕ್ ಜ್ಯೋತಿಷ ಪ್ರಕಾರ ಮೇಷದವರಿಗೆ ಸಿಂಹದವರು ಜೋಡಿ’ ಎಂಬ ಪುಸ್ತಕಗಳು! ಬರೀ ಹುಟ್ಟಿದ ತಿಂಗಳ ಸೂರ್ಯರಾಶಿ ನೋಡಿ ಜೋಡಿ ಕಟ್ಟುವ ಕ್ರಮ ಟಾಲೆಮಿಯಲ್ಲೂ ಇಲ್ಲ, ವಾಲೆನ್ಸ್‌ನಲ್ಲೂ ಇಲ್ಲ. ಸೂರ್ಯರಾಶಿ ಅಂಕಣಗಳು ಹಬ್ಬಿದ್ದು 1930ರಲ್ಲಿ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ನಲ್ಲಿ ಆರ್.ಎಚ್. ನೇಲರ್ ಬರೆಯತೊಡಗಿದ ಮೇಲೆ. ಅದಕ್ಕೆ ಗ್ರೀಕರ ಹೆಸರು ಅಂಟಿಸಿ, ಸೂತ್ರವೂ ಕೊಡದೆ, ಆಕರವೂ ಹೇಳದೆ ಅಚ್ಚು ಹಾಕುವ ಪ್ರಕಾಶಕರಿಗೆ ಇಂಥದೊಂದು ಕಾಗದ ನೀವು ಬರೆದದ್ದುಂಟೆ?

ಕಡೆಗೆ ನಿಮ್ಮ ಮಗನ ಜಾತಕ. ರಾತ್ರಿ ಜನನವೇ ನೋಡಿಕೊಳ್ಳಿ. ಧನಸಂಪತ್ತಿಗೆ ನೋಡುವ ಸಹಮವನ್ನು ರಾತ್ರಿ ಜನನಕ್ಕೆ ತಿರುವಿ ಹಾಕುವ ವಾಡಿಕೆ ಗ್ರೀಕರಲ್ಲಿದೆ. ಪೌಲಸ್ ವಿವಾಹ ಸಹಮವನ್ನು ತಿರುವುವುದು ಗಂಡು-ಹೆಣ್ಣಿಗೆ ತಕ್ಕಂತೆ. ಆ್ಯಪ್ ಎರಡನ್ನೂ ಒಂದೇ ಅಚ್ಚಿಗೆ ಹಾಕಿದ್ದರೆ ನಿಮ್ಮ ಮಗನಿಗೆ ಹೆಣ್ಣಿನ ಸಹಮ ಕೊಟ್ಟಿರುತ್ತದೆ. ಶನಿಯಿಂದ ಶುಕ್ರನಿಗೆ ಕೈಯಲ್ಲೇ ಎಣಿಸಿ ತಾಳೆ ನೋಡಿ, ಮೂರರಲ್ಲಿ ಯಾವುದು ಈ ಸೂತ್ರ ಹಾಕಿದೆಯೆಂದು ಐದು ನಿಮಿಷದಲ್ಲಿ ತಿಳಿದೀತು.

— ಸಂ.