ಓದುಗರ ಪ್ರಶ್ನೆ, ನಮ್ಮ ಉತ್ತರ: ಫೈಬರ್ ಟಿವಿಗೆ ಹೊರಗಿನ ರೆಕಾರ್ಡರ್ ಹೊಂದುತ್ತದೆಯೇ?

ಡಿಶ್ ಬಿಟ್ಟು ಫೈಬರ್ ಸಂಪರ್ಕಕ್ಕೆ ಬಂದ ಮೇಲೆ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವುದು ಹೇಗೆಂದು ಕೋಲಾರ ಜಿಲ್ಲೆಯ ನಾಲ್ವರು ಓದುಗರು ಕೇಳಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕು): ನಮ್ಮದು ಟೊಮೆಟೊ ತೋಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಿದ್ದ ವಾರಗಳಲ್ಲಿ ನಾನು ತೋಟದಲ್ಲೇ ಇರಬೇಕಾಗುವುದರಿಂದ ಟಿವಿ ಕಾರ್ಯಕ್ರಮಗಳು ತಪ್ಪಿಹೋಗುತ್ತವೆ. ಕೇಬಲ್‌ನವರ ಫೈಬರ್ ಸಂಪರ್ಕವಿದೆ. ಅಂಗಡಿಯಲ್ಲಿ ಡಿವಿಆರ್ (ಡಿಜಿಟಲ್ ವಿಡಿಯೊ ರೆಕಾರ್ಡರ್) ಕೇಳಿದ್ದಕ್ಕೆ ಕೊಟ್ಟ ಪೆಟ್ಟಿಗೆಯಲ್ಲಿ ಟಿವಿ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ, ಅದು ಸಿಸಿಟಿವಿಯದಂತೆ. ಡಿಶ್ ಕಾಲದ ರೆಕಾರ್ಡಿಂಗ್ ಬಾಕ್ಸ್ ಒಂದು ಅಟ್ಟದ ಮೇಲಿದೆ. ಅದನ್ನಾದರೂ ಫೈಬರ್‌ಗೆ ಹಾಕಬಹುದೇ?

ಉತ್ತರ: ಅಟ್ಟದ ಮೇಲಿನ ಬಾಕ್ಸನ್ನು ಇಳಿಸುವ ಶ್ರಮ ಬೇಡ. ಡಿಶ್‌ನ ತುದಿಯಲ್ಲಿರುವ ಎಲ್‌ಎನ್‌ಬಿ ಕಳಿಸುವ 950ರಿಂದ 2150 ಮೆಗಾಹರ್ಟ್ಸ್ ನಡುವಿನ ಸಂಕೇತವನ್ನಷ್ಟೇ ಅದು ಬಲ್ಲದು. ಕೇಬಲ್‌ನ ಸಂಕೇತ 47ರಿಂದ 862 ಮೆಗಾಹರ್ಟ್ಸ್ ನಡುವೆ ಇರುತ್ತದೆ, ಅದನ್ನು ಕಟ್ಟಿ ಕಳಿಸುವ ಕ್ರಮವೂ ಬೇರೆ. ಕೇಬಲ್‌ನ ಪಿನ್ ಅದಕ್ಕೆ ಸರಿಯಾಗಿ ಕೂರುತ್ತದೆ ಎಂಬುದನ್ನು ನೋಡಿ ಮೋಸಹೋಗಬಾರದು.

ಹೊರಗಿನ ರೆಕಾರ್ಡರ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು ನಿಮ್ಮ ಮನೆಗೆ ಬಂದಿರುವ ಫೈಬರ್ ಟಿವಿ ಯಾವ ಬಗೆಯದು ಎಂಬುದು. ಸೆಟ್ ಟಾಪ್ ಬಾಕ್ಸನ್ನು ತಿರುಗಿಸಿ ಅದರ ಬೆನ್ನು ನೋಡಿ. ದಪ್ಪನೆಯ ದುಂಡು ಕೇಬಲ್ಲನ್ನು ತಿರುಪಿನಂತೆ ತಿರುಗಿಸಿ ಕೂರಿಸಿದ್ದರೆ, ಗೋಡೆಯಲ್ಲಿರುವ ಫೈಬರ್ ಪೆಟ್ಟಿಗೆಯೊಳಗೆ ಬೆಳಕು ಮತ್ತೆ ಹಳೆಯ ಕೇಬಲ್ ಸಂಕೇತವಾಗಿ ಮಾರ್ಪಡುತ್ತಿದೆ ಎಂದು ತಿಳಿಯಬೇಕು. ಒಂದೇ ಗಾಜಿನ ಎಳೆಯಲ್ಲಿ 1490 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಇಂಟರ್ನೆಟ್ಟನ್ನು ಮನೆಗೆ ತರುತ್ತದೆ, 1310ರದ್ದು ನಿಮ್ಮ ಕಡೆಯಿಂದ ಹೋಗಬೇಕಾದದ್ದನ್ನು ಒಯ್ಯುತ್ತದೆ, 1550ರದ್ದು ಟಿವಿಯನ್ನು ಮಾತ್ರ ಹೊತ್ತು ಬರುತ್ತದೆ. ದುಂಡು ಕೇಬಲ್ ಇಲ್ಲದೆ ಇಂಟರ್ನೆಟ್ ವೈರ್ ಅಥವಾ ವೈಫೈ ಮೂಲಕ ಬಾಕ್ಸ್ ನಡೆಯುತ್ತಿದ್ದರೆ ಅದು ಐಪಿಟಿವಿ (ಚಾನೆಲ್‌ಗಳನ್ನು ಇಂಟರ್ನೆಟ್ ಕ್ರಮದಲ್ಲೇ ಕಳಿಸುವ ವ್ಯವಸ್ಥೆ) ಆಗಿರುತ್ತದೆ, ಇಲ್ಲವೇ ಬರಿಯ ಆ್ಯಪ್‌ಗಳ ಪೆಟ್ಟಿಗೆಯಾಗಿರುತ್ತದೆ. ತಾನೇ ಚಾನೆಲ್ ಹಿಡಿಯಬಲ್ಲ ಹೊರಗಿನ ರೆಕಾರ್ಡರ್‌ಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ದುಂಡು ಕೇಬಲ್ ಇರುವವರ ಮನೆಯಲ್ಲೂ ಅಡ್ಡ ಬರುವುದು ಬೀಗ, ಅಂದರೆ ಕೇಬಲ್‌ನವರ ಬಾಕ್ಸ್ ಮಾತ್ರ ಬಿಡಿಸಬಲ್ಲಂತೆ ಚಾನೆಲ್‌ನ ಸಂಕೇತವನ್ನು ಗೂಢವಾಗಿಸಿರುವುದು. ಹಿಂದೆ ಕೇಬಲ್ಲನ್ನು ನೇರವಾಗಿ ವಿಸಿಆರ್‌ಗೆ ಕೊಟ್ಟು ಟೇಪಿಗೆ ಇಳಿಸುತ್ತಿದ್ದುದು ಕೆಲವರಿಗೆ ನೆನಪಿರಬಹುದು. 2011ರ ಕಾನೂನು ತಿದ್ದುಪಡಿಯ ನಂತರ ಕೇಬಲ್ ಟಿವಿ ಹಂತ ಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು ಮತ್ತು ಮೈಸೂರಿನ ಸರದಿ 2013ರಲ್ಲಿ ಬಂದರೆ, ಹಳ್ಳಿಗಳಿಗೆ 2017ರ ಮಾರ್ಚ್ 31 ಕೊನೆಯ ಗಡುವಾಗಿತ್ತು. ಆಗಿನಿಂದ ಚಾನೆಲ್‌ಗಳು ಬೀಗ ಹಾಕಿಸಿಕೊಂಡೇ ಮನೆಗೆ ಬರುತ್ತವೆ. ಬೀಗದ ಕೈ ಕೇಬಲ್‌ನವರು ಕೊಟ್ಟ ಬಾಕ್ಸಿನ ಕಾರ್ಡಿನಲ್ಲೋ ಚಿಪ್ಪಿನಲ್ಲೋ ಇರುತ್ತದೆ, ರೀಚಾರ್ಜ್ ಆಗುವುದೂ ಆ ಬಾಕ್ಸಿನ ಸಂಖ್ಯೆಗೇ. ಆದ್ದರಿಂದ ಫೈಬರ್ ಬಂದಿದ್ದರಿಂದ ರೆಕಾರ್ಡಿಂಗ್ ಕಷ್ಟವಾಯಿತು ಎಂಬ ದೂರಿಗೆ ಆಧಾರವಿಲ್ಲ. ತಂತಿಯಲ್ಲಿ ಬಂದರೂ ಬೆಳಕಿನಲ್ಲಿ ಬಂದರೂ, ಬೀಗ ತೆಗೆಯುವ ಪೆಟ್ಟಿಗೆ ಮಾತ್ರ ಚೆನ್ನಾಗಿ ರೆಕಾರ್ಡ್ ಮಾಡಬಲ್ಲದು. ಹೊರಗಿನ ಪೆಟ್ಟಿಗೆಗೆ ದಕ್ಕುವುದು ಬೀಗ ತೆಗೆದ ಮೇಲೆ ಹೊರಬರುವ ಚಿತ್ರ ಮಾತ್ರ.

ಆ ಚಿತ್ರ ಎರಡು ದಾರಿಯಲ್ಲಿ ಹೊರಬರುತ್ತದೆ. ಎಚ್‌ಡಿಎಂಐ ದಾರಿಯಲ್ಲಿ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗವಿರುತ್ತದೆ. ಟಿವಿ ಅದನ್ನು ತೆರೆಯುತ್ತದೆ, ರೆಕಾರ್ಡರ್‌ನಲ್ಲಿ ಮೂಡುವುದು ಕಪ್ಪು ಪರದೆ. ಹಳದಿ, ಕೆಂಪು, ಬಿಳಿ ಪಿನ್‌ಗಳ ಹಳೆಯ ಎವಿ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಎವಿ ಇನ್‌ಪುಟ್ ಇರುವ ಯಾವುದೇ ರೆಕಾರ್ಡರ್ ಅಥವಾ ಕಂಪ್ಯೂಟರಿಗೆ ಸಿಕ್ಕಿಸುವ ವಿಡಿಯೊ ಕ್ಯಾಪ್ಚರ್ ಸಾಧನ ಅದರಿಂದ ಚಿತ್ರ ತೆಗೆದುಕೊಳ್ಳುತ್ತದೆ. ಚಾನೆಲ್ ಎಚ್‌ಡಿ ಆಗಿದ್ದರೂ ನಿಮಗೆ ಸಿಗುವುದು 720 ಅಡ್ಡ, 576 ಉದ್ದದ ಚುಕ್ಕೆಗಳ ಹಳೆಯ ಗುಣಮಟ್ಟವೇ.

ನಿಜವಾದ ತೊಡಕು ಚಾನೆಲ್ ಬದಲಿಸುವುದರಲ್ಲಿದೆ. ಹೊರಗಿನ ರೆಕಾರ್ಡರ್‌ಗೆ ತನ್ನ ಮುಂದೆ ಯಾವ ಚಾನೆಲ್ ಓಡುತ್ತಿದೆ ಎಂಬುದರ ಅರಿವಿರುವುದಿಲ್ಲ. ರಾತ್ರಿ ಎಂಟೂವರೆಗೆ ರೆಕಾರ್ಡರ್ ತಾನಾಗಿ ಎದ್ದರೂ, ಬಾಕ್ಸನ್ನು ಆ ಹೊತ್ತಿಗೆ ಸರಿಯಾದ ಚಾನೆಲ್‌ನಲ್ಲಿ ನಿಲ್ಲಿಸಲು ಬಾಕ್ಸಿನ ರಿಮೈಂಡರ್ ಅನ್ನೂ ಬೇರೆಯಾಗಿ ಇಡಬೇಕು. ಹಲವು ಬಾಕ್ಸ್‌ಗಳು ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ ತಾವಾಗಿ ಮಲಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆಟೊ ಸ್ಟ್ಯಾಂಡ್‌ಬೈ ಎಂಬುದನ್ನು ಆಫ್ ಮಾಡದೆ ತೋಟಕ್ಕೆ ಹೊರಟರೆ, ಬೆಳಿಗ್ಗೆ ಬಂದಾಗ ಒಂದು ಗಂಟೆಯ ಖಾಲಿ ಪರದೆ ಅಚ್ಚುಕಟ್ಟಾಗಿ ರೆಕಾರ್ಡ್ ಆಗಿರುತ್ತದೆ. ನಡುವೆ ಕರೆಂಟ್ ಹೋಗಿ ಬಂದರೂ ಇದೇ ಗತಿ, ಆದ್ದರಿಂದ ಫೈಬರ್ ಪೆಟ್ಟಿಗೆ, ಬಾಕ್ಸ್, ರೆಕಾರ್ಡರ್ ಮೂರಕ್ಕೂ ಯುಪಿಎಸ್ ಬೇಕಾಗುತ್ತದೆ. ರೆಕಾರ್ಡ್ ಆಗುತ್ತಿರುವಾಗ ಮನೆಯವರು ಆ ಬಾಕ್ಸಿನಲ್ಲಿ ಬೇರೆ ಚಾನೆಲ್ ಹಾಕುವಂತಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ಮೊದಲು ನಿಮ್ಮ ಬಾಕ್ಸಿನಲ್ಲೇ ಯುಎಸ್‌ಬಿ ತೂತು ಮತ್ತು ರೆಕಾರ್ಡಿಂಗ್ ಸೌಲಭ್ಯ ಇದೆಯೇ ಎಂದು ಕೇಬಲ್‌ನವರನ್ನು ಕೇಳಿ. ಇಲ್ಲದಿದ್ದರೆ, ಸೌಲಭ್ಯವಿರುವ ಬಾಕ್ಸಿಗೆ ಬದಲಾಯಿಸಿಕೊಳ್ಳುವುದು ಹೊರಗಿನ ರೆಕಾರ್ಡರ್ ಕೊಳ್ಳುವುದಕ್ಕಿಂತ ಲೇಸು ಎಂಬುದೇ ನನ್ನ ಅಭಿಪ್ರಾಯ.

ನೀವು ತಂದ ಸಿಸಿಟಿವಿ ಡಿವಿಆರ್ ವಿಷಯಕ್ಕೆ ಬಂದರೆ, ಅದು ಪೂರ್ತಿ ದಂಡವೇನಲ್ಲ. ಹಳದಿ ಪಿನ್ನಿಗೆ ಬಿಎನ್‌ಸಿ ಕನ್ವರ್ಟರ್ ಎಂಬ ಚಿಕ್ಕ ಮೂತಿಯೊಂದನ್ನು ಹಾಕಿ ಅದರ ಕ್ಯಾಮೆರಾ ತೂತಿಗೆ ಸಿಕ್ಕಿಸಿದರೆ, ಹಳೆಯ ಅನಲಾಗ್ ಕ್ಯಾಮೆರಾಗಳನ್ನು ಒಪ್ಪುವ ಡಿವಿಆರ್‌ಗಳು ಸೆಟ್ ಟಾಪ್ ಬಾಕ್ಸನ್ನೂ ಒಂದು ಕ್ಯಾಮೆರಾ ಎಂದು ನಂಬಿ ರೆಕಾರ್ಡ್ ಮಾಡುತ್ತವೆ. ಶಬ್ದಕ್ಕೆ ಆಡಿಯೊ ಇನ್ ತೂತು ಇರಬೇಕು. ಡಿಸ್ಕ್ ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಅದರ ಸ್ವಭಾವವಾದ್ದರಿಂದ ಉಳಿಸಿಕೊಳ್ಳಬೇಕಾದದ್ದನ್ನು ಪೆನ್ ಡ್ರೈವ್‌ಗೆ ತೆಗೆದಿಡಬೇಕಾಗುತ್ತದೆ. ಅಂಗಡಿಯವರು ವಾಪಸು ತೆಗೆದುಕೊಂಡರೆ ಕೊಟ್ಟುಬಿಡಿ; ಇಲ್ಲವಾದರೆ ಟೊಮೆಟೊ ಬೆಲೆ ಏರಿದ ವರ್ಷ ಅದು ಮನೆಗಿಂತ ತೋಟದಲ್ಲೇ ಹೆಚ್ಚು ಕೆಲಸಕ್ಕೆ ಬಂದೀತು.

ಪ್ರಶ್ನೆ (ಮುಳಬಾಗಿಲು): ನಮ್ಮ ಫೈಬರ್ ಕೇಬಲ್ ಬಾಕ್ಸಿನಲ್ಲಿ ರೆಕಾರ್ಡಿಂಗ್ ಇದೆ. ಪೆನ್ ಡ್ರೈವ್ ಹಾಕಿ ಎಚ್‌ಡಿ ಸಿನಿಮಾ ರೆಕಾರ್ಡ್ ಮಾಡಿದರೆ ಒಂದು ಗಂಟೆ ಹತ್ತು ನಿಮಿಷದ ಸುಮಾರಿಗೆ ನಿಂತುಹೋಗುತ್ತದೆ. ಹಾರ್ಡ್ ಡಿಸ್ಕ್ ಹಾಕಿದರೆ ಬಾಕ್ಸೇ ಆಫ್ ಆಗಿ ಆನ್ ಆಗುತ್ತದೆ. ಆಗಿರುವ ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ ಕಾಣುತ್ತದೆ, ಆದರೆ ಓಡುವುದಿಲ್ಲ. ಬಾಕ್ಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ಗಡಿಯಾರ ನೋಡಿ ಬರೆದಿರುವುದರಿಂದ ಕಾರಣ ಹೇಳುವುದು ಸುಲಭವಾಯಿತು. ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಬರುತ್ತಿದ್ದರೆ ಒಂದು ಗಂಟೆಗೆ 3.6 ಗಿಗಾಬೈಟ್ ಆಗುತ್ತದೆ. ಪೆನ್ ಡ್ರೈವ್‌ಗಳನ್ನು ಸಾಮಾನ್ಯವಾಗಿ ಫ್ಯಾಟ್32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿರುತ್ತಾರೆ, ಅದರಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ. ನಿಮ್ಮ ಸಿನಿಮಾ ಆ ಗೆರೆಯನ್ನು ಮುಟ್ಟುವುದು ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲೇ. ಬಾಕ್ಸಿನ ಮೆನುವಿನಲ್ಲಿರುವ ಫಾರ್ಮ್ಯಾಟ್ ಆಯ್ಕೆಯಲ್ಲಿ ಎನ್‌ಟಿಎಫ್‌ಎಸ್ ಮುಂತಾದ ಬೇರೆ ಕ್ರಮವಿದ್ದರೆ ಅದನ್ನು ಬಳಸಿ. ಫಾರ್ಮ್ಯಾಟ್ ಮಾಡಿದರೆ ಈಗಾಗಲೇ ಇರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ಗಮನದಲ್ಲಿರಲಿ. ಬೇರೆ ಆಯ್ಕೆ ಇಲ್ಲದಿದ್ದರೆ ಸಿನಿಮಾವನ್ನು ಎರಡು ಟೈಮರ್‌ಗಳಾಗಿ ಒಡೆದು ಇಡಿ.

ಹಾರ್ಡ್ ಡಿಸ್ಕ್ ಹಾಕಿದಾಗ ಅದರೊಳಗಿಂದ ಟಿಕ್ ಟಿಕ್ ಸದ್ದು ಬಂದು ಬಾಕ್ಸ್ ಆರುತ್ತಿದ್ದರೆ ಅದು ಕರೆಂಟ್ ಸಾಲದೆ ಆಗುವುದು. ಯುಎಸ್‌ಬಿ 2.0 ತೂತು ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಆರಂಭಿಸುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಡುತ್ತದೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿದರೆ ಸರಿಹೋಗುತ್ತದೆ.

ಕಂಪ್ಯೂಟರಿನಲ್ಲಿ ಓಡದಿರುವುದು ದೋಷದಿಂದಲ್ಲ, ನಿಯಮದಿಂದ. ರೆಕಾರ್ಡಿಂಗ್ ಸೌಲಭ್ಯವಿರುವ ಬಾಕ್ಸ್‌ಗಳಲ್ಲಿ ನಕಲು ತಡೆಯುವ ವ್ಯವಸ್ಥೆ ಇರಬೇಕು, ರೆಕಾರ್ಡ್ ಆದದ್ದು ಬೇರೆ ಸಾಧನಕ್ಕೆ ಹೋಗಬಾರದು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವಿಧಿಸಿರುವ ಷರತ್ತು. ನಾಳೆ ಆ ಬಾಕ್ಸ್ ಕೆಟ್ಟು ಹೊಸದು ಬಂದರೆ ಹಳೆಯ ರೆಕಾರ್ಡಿಂಗ್‌ಗಳು ಅದರಲ್ಲೂ ಓಡುವುದಿಲ್ಲವಾದ್ದರಿಂದ, ನೋಡಬೇಕಾದದ್ದನ್ನು ಬೇಗ ನೋಡಿ ಮುಗಿಸಿ.

ಪ್ರಶ್ನೆ (ಬಂಗಾರಪೇಟೆ): ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ವೆರೈಜನ್ ಕಂಪನಿಯ ಫಿಯೊಸ್ ಫೈಬರ್ ಟಿವಿ ಇದೆ. ಅದಕ್ಕೆ ಟಿವೊ ಎಂಬ ಬೇರೆ ಕಂಪನಿಯ ರೆಕಾರ್ಡರ್ ಹಾಕಿಕೊಂಡಿದ್ದಾರೆ, ಚೆನ್ನಾಗಿ ನಡೆಯುತ್ತದೆ. ಊರಿಗೆ ಬರುವಾಗ ಒಂದನ್ನು ತರಲೇ ಎಂದು ಕೇಳುತ್ತಿದ್ದಾಳೆ. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದು?

ಉತ್ತರ: ಅಲ್ಲಿ ಬೀಗದ ಕೈ ಬಾಕ್ಸಿನಿಂದ ಬೇರೆಯಾಗಿತ್ತು, ಅದಕ್ಕೇ ಆಗುತ್ತದೆ. ಗ್ರಾಹಕರು ಕೇಬಲ್ ಕಂಪನಿಯ ಪೆಟ್ಟಿಗೆಗೇ ಕಟ್ಟುಬೀಳಬಾರದು ಎಂಬ ಆಶಯ ಅಮೆರಿಕದ 1996ರ ದೂರಸಂಪರ್ಕ ಕಾಯ್ದೆಯಲ್ಲಿತ್ತು. ಅದರ ಫಲವಾಗಿ ಬಂದದ್ದು ಕೇಬಲ್‌ಕಾರ್ಡ್: ಬೀಗ ತೆಗೆಯುವ ಕೆಲಸವನ್ನಷ್ಟೇ ಮಾಡುವ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಹದ ಕಾರ್ಡು. 2007ರ ಜುಲೈ 1ರಿಂದ ಕೇಬಲ್ ಕಂಪನಿಗಳು ತಾವು ಹೊಸದಾಗಿ ಕೊಡುವ ಬಾಕ್ಸ್‌ಗಳಲ್ಲೂ ಬೀಗದ ಭಾಗವನ್ನು ಬೇರ್ಪಡಿಸಿಡಬೇಕಾಯಿತು. ಆ ಕಾರ್ಡನ್ನು ಕಂಪನಿಯಿಂದ ಬಾಡಿಗೆಗೆ ಪಡೆದು ಟಿವೊದೊಳಗೆ ತೂರಿಸಿದರೆ, ಟಿವೊ ತಾನೇ ಚಾನೆಲ್ ಹಿಡಿದು, ತಾನೇ ಬೀಗ ತೆಗೆದು, ತಾನೇ ರೆಕಾರ್ಡ್ ಮಾಡುತ್ತದೆ.

ಎರಡನೆಯ ಕಾರಣ, ಫಿಯೊಸ್ ತನ್ನ ನೇರ ಚಾನೆಲ್‌ಗಳನ್ನು ಮೇಲೆ ಹೇಳಿದ 1550 ನ್ಯಾನೊಮೀಟರ್ ಬೆಳಕಿನಲ್ಲಿ ಕೇಬಲ್ ಮಾದರಿಯಲ್ಲೇ ಕಳಿಸಿ, ಮನೆಯೊಳಗೆ ದುಂಡು ಕೇಬಲ್‌ಗೆ ಇಳಿಸಿದ್ದು. ಅದೇ ದೇಶದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಯುವರ್ಸ್ ಐಪಿಟಿವಿ ಆಗಿದ್ದರಿಂದ ಅದಕ್ಕೆ ಟಿವೊ ಹೊಂದಲಿಲ್ಲ. ಫಿಯೊಸ್‌ನಲ್ಲೂ, ಬೇಕೆಂದಾಗ ಆರಿಸಿ ನೋಡುವ ಸಿನಿಮಾಗಳು ಇಂಟರ್ನೆಟ್ ಕ್ರಮದಲ್ಲಿ ಬರುವುದರಿಂದ ಟಿವೊಗೆ ಸಿಗುವುದಿಲ್ಲ; ಮಗಳನ್ನು ಕೇಳಿ ನೋಡಿ, ಹೌದೆನ್ನುತ್ತಾಳೆ. ಕಂಪನಿಗಳು ಕೇಬಲ್‌ಕಾರ್ಡ್ ಕೊಡಲೇಬೇಕೆಂಬ ನಿಯಮವನ್ನು ಅಲ್ಲಿನ ಸಂಪರ್ಕ ಆಯೋಗ 2020ರಲ್ಲಿ ಕೈಬಿಟ್ಟಿತು.

ನಮ್ಮಲ್ಲಿಯೂ ಯಾವ ಬಾಕ್ಸ್ ಯಾವ ಕಂಪನಿಗಾದರೂ ಹೊಂದುವಂತಿರಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಆದರೂ ಬಂಗಾರಪೇಟೆಯ ಕೇಬಲ್ ಕಚೇರಿಗೆ ಹೋಗಿ ಬೀಗದ ಕಾರ್ಡ್ ಮಾತ್ರ ಕೊಡಿ, ಪೆಟ್ಟಿಗೆ ನನ್ನದಿದೆ ಎಂದರೆ ಕೊಡುವವರಿಲ್ಲ. ಕಾರ್ಡ್ ಸಿಕ್ಕಿತೆಂದೇ ಇಟ್ಟುಕೊಂಡರೂ ಅಮೆರಿಕದ ಕೇಬಲ್ ಚಾನೆಲ್ 6 ಮೆಗಾಹರ್ಟ್ಸ್ ಅಗಲದ್ದು, ನಮ್ಮದು 8. ಸಂಕೇತ ಕಟ್ಟುವ ಮಾದರಿಯೂ ಬೇರೆ. ಟಿವೊ ತರುವುದು ಬೇಡವೆನ್ನಿ, ಆ ಜಾಗದಲ್ಲಿ ಸೂಟ್‌ಕೇಸಿಗೆ ಬೇರೆ ಏನಾದರೂ ಹಿಡಿದೀತು.

ಪ್ರಶ್ನೆ (ಮಾಲೂರು): ನಾನು ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ. ಚಂದನ ವಾಹಿನಿಯ ಸಂಗೀತ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ಪಾಠದಲ್ಲಿ ಕೇಳಿಸಬಹುದೇ, ಅದು ಅಪರಾಧವೇ? ಎಚ್‌ಡಿಎಂಐ ಬೀಗವನ್ನು ತೆಗೆಯುವ ಸಣ್ಣ ಪೆಟ್ಟಿಗೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಕೊಳ್ಳಬಹುದೇ?

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು, ರೆಕಾರ್ಡ್ ಮಾಡಿಕೊಂಡವರ ಖಾಸಗಿ ಬಳಕೆಗೆ ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗೆಂದೇ ಮಾಡಿದ ಧ್ವನಿಮುದ್ರಣ, ದೃಶ್ಯಮುದ್ರಣಗಳನ್ನು ಪ್ರಸಾರಕರ ಹಕ್ಕಿನ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಪಾಠದಲ್ಲಿ ಕೇಳಿಸುವುದಕ್ಕೆ ಅಂಜಬೇಕಿಲ್ಲ. ಅದನ್ನು ಯೂಟ್ಯೂಬ್‌ಗೆ ಏರಿಸುವುದು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವುದು ಬೇರೆ ಮಾತು. ಬೀಗ ತೆಗೆಯುವ ಪೆಟ್ಟಿಗೆಯಿಂದ ದೂರವಿರಿ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಎಂದು 2012ರಲ್ಲಿ ಸೇರಿಸಿದ 65ಎ ಕಲಮು ಹೇಳುತ್ತದೆ, ನಿಮ್ಮ ಉದ್ದೇಶ ಅದಲ್ಲವೆಂದು ಸಾಧಿಸುವ ತಾಪತ್ರಯ ನಿಮಗೇಕೆ?

ನಿಮಗೆ ಬೇಕಾದದ್ದು ಚಂದನ ಮಾತ್ರವಾದರೆ ಫೈಬರ್‌ನ ಗೊಡವೆಯೇ ಬೇಡ. ದೂರದರ್ಶನದ ಫ್ರೀ ಡಿಶ್‌ನಲ್ಲಿ ಅದು ಬೀಗವಿಲ್ಲದೆ, ತಿಂಗಳ ಶುಲ್ಕವಿಲ್ಲದೆ ಬರುತ್ತದೆ. ಯುಎಸ್‌ಬಿ ರೆಕಾರ್ಡಿಂಗ್ ಇರುವ ಸಾಮಾನ್ಯ ಫ್ರೀ ಟು ಏರ್ ಬಾಕ್ಸ್ ಒಂದಿದ್ದರೆ, ಅದು ಬರೆದ ಕಡತ ಕಂಪ್ಯೂಟರಿನಲ್ಲೂ ಓಡುತ್ತದೆ. ಫೈಬರ್ ಬಂದ ಮೇಲೆ ಮಾಳಿಗೆಯ ಮೇಲೆ ಹಾಗೆಯೇ ಬಿಟ್ಟ ಡಿಶ್ ಇದ್ದರೆ ಬಹುಮಟ್ಟಿಗೆ ಅದೇ ಸಾಕು, ಅದನ್ನು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಕಡೆಗೆ ತಿರುಗಿಸಬೇಕು. ಮಾಲೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ, ನೆಲಮಟ್ಟದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಆ ಕಡೆ ತೆಂಗಿನ ಗರಿ ಅಡ್ಡ ಬರದಂತೆ ನೋಡಿಕೊಳ್ಳಿ.