ಡೆಕ್ಸಾ ಅಂಕ ಏರಿದೆ, ತೊಡೆಮೂಳೆ ಮುರಿದಿದೆ

ಪ್ರಶ್ನೆ: ಮಗಳಿಗೆ ಏಳು ವರ್ಷ. ಕಣ್ಣಿನ ಬಿಳಿಭಾಗ ನೀಲಿಯಾಗಿದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಹುಟ್ಟಿನಿಂದಲೇ ಮೂಳೆ ಪೆಡಸಾಗಿ ಸುಲಭವಾಗಿ ಮುರಿಯುವ ಕಾಯಿಲೆ ಎಂದಿದ್ದಾರೆ. ಎರಡು ವರ್ಷದಿಂದ ಪಮಿಡ್ರೋನೇಟ್ ಡ್ರಿಪ್ ಹಾಕಿಸುತ್ತಿದ್ದೇವೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ವರದಿ ಚೆನ್ನಾಗಿದೆ ಅಂದರು. ಆದರೂ ಹೋದ ತಿಂಗಳು ಮಂಚದಿಂದ ಇಳಿಯುವಾಗ ತೊಡೆಮೂಳೆ ಮುರಿಯಿತು. ‘ಡ್ರಿಪ್ ಬಿಡಿಸಿ, ರಾಗಿ, ಹಾಲು ಕೊಡಿ ಸಾಕು’ ಅನ್ನುತ್ತಾರೆ ನಮ್ಮತ್ತೆ. ಏನು ಮಾಡಲಿ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಡ್ರಿಪ್ ಬಿಡಿಸಬೇಡಿ ಅಮ್ಮ. ಆದರೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನಿಮಗೆ ಮೊದಲೇ ಬಿಡಿಸಿ ಹೇಳಬೇಕಿತ್ತು.

ನಿಮ್ಮ ಮಗಳ ಮೂಳೆಯ ಕೊಲಾಜೆನ್‌ನಲ್ಲೇ, ಅಂದರೆ ಮೂಳೆಗೆ ಹಂದರವಾಗಿರುವ ಪ್ರೋಟೀನಿನಲ್ಲೇ ದೋಷವಿದೆ. ಅದು ಜೀನಿನಿಂದ ಬಂದದ್ದು, ಪಮಿಡ್ರೋನೇಟ್ ಅದನ್ನು ಮುಟ್ಟುವುದೇ ಇಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನಷ್ಟೇ ಅದು ತಡೆಯುತ್ತದೆ. ಇಟ್ಟಿಗೆ ಕಳಪೆ, ಗೋಡೆ ಮಾತ್ರ ದಪ್ಪವಾಯಿತು ಅಂದುಕೊಳ್ಳಿ. ಡೆಕ್ಸಾ ಅಳೆಯುವುದು ಆ ದಪ್ಪವನ್ನು. ಅದೂ ಮಕ್ಕಳಲ್ಲಿ ಸಾಮಾನ್ಯವಾಗಿ ಸೊಂಟದ ಮಟ್ಟದ ಬೆನ್ನುಮೂಳೆಯಲ್ಲಿ. ಮುರಿದದ್ದು ತೊಡೆ!

1998ರಲ್ಲಿ ಕೆನಡಾದ ಮಾಂಟ್ರಿಯಲ್ ವೈದ್ಯರು ಕಾಯಿಲೆ ತೀವ್ರವಾಗಿದ್ದ 30 ಮಕ್ಕಳಿಗೆ ಈ ಔಷಧಿ ಕೊಟ್ಟು, ಸಾಂದ್ರತೆ ಏರಿತು, ಮುರಿತ ತಗ್ಗಿತು ಎಂದು ಬರೆದರು. ಆದರೆ ಔಷಧಿ ಪಡೆಯದ ಮಕ್ಕಳ ಜೊತೆ ಹೋಲಿಸಿ ನೋಡಿರಲಿಲ್ಲ. ಆಮೇಲೆ ಇದೇ ಗುಂಪಿನ ಮಾತ್ರೆಗಳನ್ನು ಔಷಧಿಯಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿ ಪರೀಕ್ಷಿಸಿದಾಗ ಸಾಂದ್ರತೆಯೇನೋ ಏರಿತು. ಮುರಿತ ಮಾತ್ರ ರೈಸೆಡ್ರೋನೇಟ್‌ನಲ್ಲಿ ತಗ್ಗಿತು, ಅಲೆಂಡ್ರೋನೇಟ್‌ನಲ್ಲಿ ತಗ್ಗಲಿಲ್ಲ. ಹಾಗಾಗಿ ‘ಇನ್ನು ಮುರಿಯುವುದಿಲ್ಲ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮತ್ತೆ ನಾನೇಕೆ ಡ್ರಿಪ್ ಬರೆಯುತ್ತೇನೆ? ಬೆನ್ನಿಗಾಗಿ. ಬೆಳೆಯುವ ವಯಸ್ಸಿನಲ್ಲಿ ಕೊಟ್ಟರೆ ಚಪ್ಪಟೆಯಾದ ಕಶೇರುಗಳು, ಅಂದರೆ ಬೆನ್ನಿನ ಒಂದೊಂದು ಮಣಿಯಂಥ ಮೂಳೆಗಳು, ಮತ್ತೆ ಎತ್ತರ ಪಡೆಯುತ್ತವೆ. ಬೆಳವಣಿಗೆ ನಿಂತ ಮೇಲೆ ಈ ಅವಕಾಶ ಇರುವುದಿಲ್ಲ. ಡೆಕ್ಸಾ ಅಂಕ ಪಕ್ಕಕ್ಕಿಡಿ. ಬೆನ್ನನ್ನು ಪಕ್ಕದಿಂದ ತೆಗೆದ ಎಕ್ಸ್-ರೇ, ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಹಿಡಿದು ತೋರಿಸಿ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ತೊಡೆಯ ಕಥೆ ಬೇರೆ. ಮೂಳೆ ಬಾಗಿದೆಯೇ ನೋಡಿಸಿ. ಬಾಗಿದ್ದರೆ ಎಷ್ಟು ಡ್ರಿಪ್ ಹಾಕಿದರೂ ನೆಟ್ಟಗಾಗದು, ಅದೇ ಜಾಗದಲ್ಲಿ ಮತ್ತೆ ಮುರಿಯಬಹುದು. ಆಗ ಮೂಳೆಯನ್ನು ಕತ್ತರಿಸಿ ನೇರ ಮಾಡಿ ಒಳಗೆ ರಾಡ್ ಹಾಕುತ್ತಾರೆ. ಮಗುವಿನ ಜೊತೆ ಉದ್ದವಾಗುವ ರಾಡ್‌ಗಳೂ ಇವೆ. ಹಾಗೆ ಕತ್ತರಿಸಿದ ಮೂಳೆ ಕೂಡಲು ಈ ಔಷಧಿಯಿಂದ ತಡವಾಗಬಹುದು. ಶಸ್ತ್ರಚಿಕಿತ್ಸೆ ಮಾಡುವವರೂ ಡ್ರಿಪ್ ಕೊಡುವವರೂ ಮೊದಲು ಮಾತಾಡಿಕೊಂಡು ಮುಂದಿನ ಡ್ರಿಪ್ ಯಾವಾಗ ಎಂದು ತೀರ್ಮಾನಿಸಲಿ.

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆ ಇರುವಾಗ ಡ್ರಿಪ್ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಆದ್ದರಿಂದ ಮುದ್ದೆಯೂ ಬೇಕು, ಡ್ರಿಪ್‌ಗೆ ಮುಂಚೆ ರಕ್ತಪರೀಕ್ಷೆಯೂ ಬೇಕು. ಹಲ್ಲನ್ನೂ ತೋರಿಸಿ, ಈ ಕಾಯಿಲೆಯಲ್ಲಿ ಕೆಲವರ ಹಲ್ಲು ಬೇಗ ಸವೆಯುತ್ತದೆ.

ಇನ್ನೊಂದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಹೆದರಿ ಮಗುವನ್ನು ಮಂಚದಲ್ಲೇ ಮಲಗಿಸಿಡಬೇಡಿ. ಓಡಾಟ ನಿಂತರೆ ಡ್ರಿಪ್‌ನಿಂದ ಗಳಿಸಿದ್ದೂ ಕರಗುತ್ತದೆ. ಡಾಕ್ಟರು ಒಪ್ಪಿದ ಕೂಡಲೇ ಫಿಸಿಯೋಥೆರಪಿ ಶುರು ಮಾಡಿಸಿ, ಹತ್ತಿರದಲ್ಲಿ ಈಜುಕೊಳ ಇದ್ದರೆ ನೀರಿನಲ್ಲೂ ಮಾಡಿಸಿ.