ಪ್ರೀಮಿಯಂ ಕಡಿಮೆ ಇದ್ದರೆ ಸಾಕೇ? ಆನ್‌ಲೈನ್ ಆರೋಗ್ಯ ವಿಮೆ ಕುರಿತು ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಬಸವೇಶ್ವರನಗರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ 38, ಹೆಂಡತಿಗೆ 34, ಇಬ್ಬರು ಮಕ್ಕಳು. ಮೊಬೈಲ್‌ನಲ್ಲಿ ಪಾಲಿಸಿ ಹೋಲಿಸುವ ವೆಬ್‌ಸೈಟ್ ತೆರೆದರೆ ಹತ್ತಾರು ಪಾಲಿಸಿ ಬರುತ್ತವೆ. ಎಲ್ಲಕ್ಕಿಂತ ಕಡಿಮೆ ಪ್ರೀಮಿಯಂ ಇರುವ 5 ಲಕ್ಷದ ಪಾಲಿಸಿ ತಗೊಂಡರೆ ಆಗುತ್ತದೆಯೇ?

ಪ್ರೀಮಿಯಂ ನೋಡುವುದು ತಪ್ಪಲ್ಲ, ಆದರೆ ಅದನ್ನೇ ಮೊದಲು ನೋಡಬೇಡಿ. ಆ ಪಾಲಿಸಿ ಯಾಕೆ ಅಗ್ಗ ಎಂಬುದು ಆಸ್ಪತ್ರೆಯ ಬಿಲ್ ಕೈಗೆ ಬಂದ ದಿನ ಗೊತ್ತಾಗುತ್ತದೆ. ಅದನ್ನು ಇವತ್ತೇ ತಿಳಿದುಕೊಳ್ಳಬಹುದು.

ಒಂದು ಬಿಲ್ ತೆಗೆದುಕೊಳ್ಳೋಣ. 5 ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಮಿತಿ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ. ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು 8,000 ರೂಪಾಯಿಯ ರೂಮ್, ನಾಲ್ಕು ದಿನ ಇದ್ದಿರಿ. ಬಿಲ್‌ನಲ್ಲಿ ರೂಮ್ 32,000. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000. ಔಷಧಿ, ಪರೀಕ್ಷೆ, ಇಂಪ್ಲಾಂಟ್ 80,000. ಗ್ಲೌಸ್, ಮಾಸ್ಕ್ ಇತ್ಯಾದಿ 8,000. ಒಟ್ಟು 2,40,000. ನೀವು ‘ರೂಮ್ ವ್ಯತ್ಯಾಸ 12,000 ತಾನೇ, ಕೈಯಿಂದ ಕೊಟ್ಟರಾಯಿತು’ ಅಂದುಕೊಳ್ಳುತ್ತೀರಿ. ಕಂಪನಿ ಹಾಗೆ ಲೆಕ್ಕ ಹಾಕುವುದಿಲ್ಲ. 8,000ಕ್ಕೆ 5,000 ಎಂಬ ಅನುಪಾತವನ್ನೇ ಡಾಕ್ಟರ್ ಮತ್ತು ಥಿಯೇಟರ್ ಖರ್ಚಿಗೂ ಹಾಕುತ್ತದೆ. ಹಾಗಾಗಿ 1,20,000ದಲ್ಲಿ ಸಿಗುವುದು 75,000. ರೂಮಿಗೆ 20,000. ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗೆ ಈ ಕಡಿತ ಹಾಕುವಂತಿಲ್ಲ, ಅಲ್ಲಿ 80,000 ಪೂರ್ತಿ. ಗ್ಲೌಸ್ ಬಾಬ್ತು ಏನೂ ಇಲ್ಲ. ಕಂಪನಿ ಕೊಡುವುದು 1,75,000. ನಿಮ್ಮ ಜೇಬಿನಿಂದ 65,000. ಪಾಲಿಸಿಯಲ್ಲಿ ಶೇ 10 ಕೋ-ಪೇ (ಕ್ಲೇಮ್ ಹಣದಲ್ಲಿ ನೀವೇ ಭರಿಸಬೇಕಾದ ಪಾಲು) ಕೂಡ ಇದ್ದರೆ ಇನ್ನೂ 17,500 ಸೇರಿ 82,500 ಆಗುತ್ತದೆ. ವರ್ಷಕ್ಕೆ ಉಳಿಸಿದ ಎರಡು-ಮೂರು ಸಾವಿರಕ್ಕೆ ಇದು ತೀರಾ ದುಬಾರಿ.

ಆದ್ದರಿಂದ ವೆಬ್‌ಸೈಟ್ ತೆರೆದ ಕೂಡಲೇ ‘ಕಡಿಮೆ ಬೆಲೆ ಮೊದಲು’ ಒತ್ತಬೇಡಿ. ಮೊದಲು ಫಿಲ್ಟರ್‌ನಲ್ಲಿ ರೂಮ್ ಬಾಡಿಗೆಗೆ ಮಿತಿ ಇಲ್ಲದ ಅಥವಾ ಸಿಂಗಲ್ ಪ್ರೈವೇಟ್ ರೂಮ್ ಕೊಡುವ ಪಾಲಿಸಿಗಳನ್ನು ಆರಿಸಿ. ಆಮೇಲೆ ಕೋ-ಪೇ ಇಲ್ಲದವು. ಉಳಿದವುಗಳಲ್ಲಿ ಪ್ರೀಮಿಯಂ ಹೋಲಿಸಿ. ಪಟ್ಟಿ ತಾನಾಗಿಯೇ ಐದಾರಕ್ಕೆ ಇಳಿಯುತ್ತದೆ. ‘ಅನ್‌ಲಿಮಿಟೆಡ್ ರಿಸ್ಟೋರೇಶನ್’ (ಖಾಲಿಯಾದ ವಿಮಾ ಮೊತ್ತ ಮತ್ತೆ ಮತ್ತೆ ತುಂಬುವುದು), ಜಿಮ್ ಡಿಸ್ಕೌಂಟ್, ಬೋನಸ್ ಎಂದು ದೊಡ್ಡಕ್ಷರದಲ್ಲಿ ಬರುವುದೆಲ್ಲ ಈ ಎರಡರ ನಂತರದ ಮಾತು.

ಪಿನ್‌ಕೋಡ್ ಹಾಕುವಾಗ ಎಚ್ಚರ ಬೇಕು. ಹಲವು ಕಂಪನಿಗಳು ಊರುಗಳನ್ನು ಜೋನ್‌ಗಳಾಗಿ ವಿಂಗಡಿಸಿ ಪ್ರೀಮಿಯಂ ನಿಗದಿ ಮಾಡುತ್ತವೆ. ಬೆಂಗಳೂರು ಯಾವ ಜೋನ್‌ಗೆ ಸೇರುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸ್ವಂತ ಊರಿನ ಪಿನ್‌ಕೋಡ್ ಹಾಕಿದರೆ ಪ್ರೀಮಿಯಂ ಇಳಿಯುವುದನ್ನು ಕಂಡು ಕೆಲವರು ಹಾಗೇ ಕೊಂಡುಬಿಡುತ್ತಾರೆ. ಬೆಂಗಳೂರಿನ ಆಸ್ಪತ್ರೆಗೆ ಸೇರಿದಾಗ ಕೆಲವು ಪಾಲಿಸಿಗಳಲ್ಲಿ ಜೋನ್ ಕೋ-ಪೇ ಬೀಳುತ್ತದೆ, ವಿಳಾಸ ತಪ್ಪು ಕೊಟ್ಟಿದ್ದೀರಿ ಎಂಬ ತಕರಾರು ಬೇರೆ. ವಾಸ ಇರುವ ಮನೆಯ ಪಿನ್‌ಕೋಡನ್ನೇ ಹಾಕಿ.

ಇನ್ನು ಆ ಪರದೆಯಲ್ಲಿ ಮಿನುಗುವ ‘ಕ್ಲೇಮ್ ಸೆಟಲ್‌ಮೆಂಟ್’ ಶೇಕಡಾವಾರು. ಅದು ಎಷ್ಟು ಕ್ಲೇಮ್‌ಗಳಿಗೆ ಹಣ ಹೋಯಿತು ಎಂಬ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ 65,000 ಕಡಿತವಾಗಿದ್ದರೂ ಅದು ‘ಸೆಟಲ್ ಆದ’ ಕ್ಲೇಮ್. ಅದರ ಜೊತೆ ಇನ್ನೆರಡನ್ನು ನೋಡಿ. ಪ್ರತಿ ಕಂಪನಿಯ ವೆಬ್‌ಸೈಟ್‌ನ ‘ಪಬ್ಲಿಕ್ ಡಿಸ್‌ಕ್ಲೋಷರ್ಸ್’ ಪುಟದಲ್ಲಿ ಎನ್‌ಎಲ್-37 ಎಂಬ ನಮೂನೆಯಲ್ಲಿ ಕ್ಲೇಮ್ ವಿವರ, ಎನ್‌ಎಲ್-45ರಲ್ಲಿ ದೂರುಗಳ ವಿವರ ಇರುತ್ತದೆ. ಗ್ರಾಹಕರ ವಿಮಾ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್‌ಗಳ ಮಂಡಳಿಯ ವಾರ್ಷಿಕ ವರದಿಯಲ್ಲಿ ಯಾವ ಕಂಪನಿ ಮೇಲೆ ಎಷ್ಟು ದೂರು ಬಂದಿವೆ ಎಂಬುದೂ ಸಿಗುತ್ತದೆ. ದೊಡ್ಡ ಕಂಪನಿಗೆ ದೂರಿನ ಸಂಖ್ಯೆಯೂ ದೊಡ್ಡದೇ ಇರುತ್ತದೆ, ಗಾತ್ರಕ್ಕೆ ತಕ್ಕಂತೆ ಅಳೆಯಿರಿ.

ಈ ವೆಬ್‌ಸೈಟ್‌ಗಳು ಸರ್ಕಾರದವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನಿಂದ ವೆಬ್ ಅಗ್ರಿಗೇಟರ್ ಅಥವಾ ಬ್ರೋಕರ್ ಎಂದು ನೋಂದಣಿ ಪಡೆದು, ಮಾರಾಟವಾದ ಪಾಲಿಸಿಗೆ ಕಂಪನಿಗಳಿಂದ ಕಮಿಷನ್ ಪಡೆಯುತ್ತವೆ. ಎಲ್ಲ ಕಂಪನಿಯ ಎಲ್ಲ ಪಾಲಿಸಿಯೂ ಅಲ್ಲಿ ಇರಬೇಕೆಂದಿಲ್ಲ. ಪುಟದ ತಳದಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಐಆರ್‌ಡಿಎಐ ವೆಬ್‌ಸೈಟಿನ ಪಟ್ಟಿಯಲ್ಲಿ ಅದೇ ಹೆಸರು ಇದೆಯೇ ನೋಡಿ. ಆರಿಸಿದ ಪಾಲಿಸಿಯ ಬೆಲೆಯನ್ನು ಅದೇ ದಿನ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೂ ತಾಳೆ ಹಾಕಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಹಳೆಯ ಲೇಖನ, ವಿಡಿಯೊಗಳಲ್ಲಿ ಶೇ 18 ಸೇರಿಸಿ ಹೇಳಿದ ಬೆಲೆಗಳನ್ನು ನಂಬಿ ಬಜೆಟ್ ಹಾಕಬೇಡಿ.

ಹಣ ಕಟ್ಟುವ ಮುಂಚೆ ‘ಕಸ್ಟಮರ್ ಇನ್ಫರ್ಮೇಶನ್ ಶೀಟ್’ ಡೌನ್‌ಲೋಡ್ ಮಾಡಿ ಓದಿ. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಎಷ್ಟು ಕಾಯಬೇಕು ಎಂಬುದೆಲ್ಲ ಕೆಲವೇ ಪುಟಗಳಲ್ಲಿ ಇರುತ್ತದೆ. ಕೇಳಿದರೆ ಇದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ಐಆರ್‌ಡಿಎಐ ಸೂಚಿಸಿದೆ. ದಯವಿಟ್ಟು ಕನ್ನಡದಲ್ಲಿ ಕೇಳಿ, ಇಮೇಲ್ ಮೂಲಕ ಕೇಳಿ. ಪಾಲಿಸಿ ಕೈಸೇರಿದ ಮೇಲೂ ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸು ಮಾಡಬಹುದು. ಆ ದಿನಗಳ ವಿಮೆಯ ಬಾಬ್ತು, ವೈದ್ಯಕೀಯ ಪರೀಕ್ಷೆ ಮತ್ತು ಸ್ಟ್ಯಾಂಪ್ ಖರ್ಚು ಕಳೆದು ಉಳಿದ ಹಣ ಬರುತ್ತದೆ.

ಬಜೆಟ್ ನಿಜವಾಗಿಯೂ ಬಿಗಿಯಾಗಿದ್ದರೆ ‘ಆರೋಗ್ಯ ಸಂಜೀವಿನಿ’ ನೋಡಿ. 2020ರ ಏಪ್ರಿಲ್‌ನಲ್ಲಿ ಬಂದ ಈ ಪಾಲಿಸಿಯ ಷರತ್ತುಗಳು ಎಲ್ಲ ಕಂಪನಿಯಲ್ಲೂ ಒಂದೇ, ಹಾಗಾಗಿ ಇದೊಂದರಲ್ಲಿ ಮಾತ್ರ ಬೆಲೆ ನೋಡಿ ಆರಿಸುವುದು ಸರಿಯಾದ ಕ್ರಮ. ರೂಮ್ ಬಾಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000. ಐಸಿಯು ಶೇ 5, ಗರಿಷ್ಠ 10,000. ಪ್ರತಿ ಕ್ಲೇಮ್‌ಗೆ ಶೇ 5 ಕೋ-ಪೇ. ಮಿತಿಗಳು ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ರೂಮ್ ಕೇಳಬಹುದು. ಆದರೆ ನಾಲ್ಕು ಜನರ ಕುಟುಂಬಕ್ಕೆ ಬೆಂಗಳೂರಿನಲ್ಲಿ 5 ಲಕ್ಷ ಸಾಲದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 10 ಲಕ್ಷದ ಬೆಲೆಯನ್ನೂ ಒಮ್ಮೆ ಹಾಕಿ ನೋಡಿ; ಮೊತ್ತ ದುಪ್ಪಟ್ಟಾದರೂ ಪ್ರೀಮಿಯಂ ದುಪ್ಪಟ್ಟಾಗುವುದಿಲ್ಲ.

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ತಿಪಟೂರಿನಿಂದ ಈಗ ನಮ್ಮ ಜೊತೆ ಮೂಡಲಪಾಳ್ಯದಲ್ಲಿದ್ದಾರೆ. ಆರು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ನಂಬರ್ ಕೊಟ್ಟ ಮೇಲೆ ಫೋನ್ ಮಾಡಿದವರು ‘ಶುಗರ್ ಬರೆಯಬೇಡಿ ಮೇಡಂ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅಂದರು. ಏನು ಮಾಡಲಿ?

ಬರೆಯಲೇಬೇಕು. ಇದರಲ್ಲಿ ರಾಜಿ ಬೇಡ.

ಮುಚ್ಚಿಟ್ಟ ಶುಗರ್ ಹೊರಬರುವುದು ಹೀಗೆ: ಆಸ್ಪತ್ರೆಗೆ ಸೇರಿಸುವಾಗ ಡ್ಯೂಟಿ ಡಾಕ್ಟರ್ ‘ಎಷ್ಟು ವರ್ಷದಿಂದ ಶುಗರ್?’ ಎಂದು ಕೇಳುತ್ತಾರೆ. ಅಮ್ಮ ‘ಆರು ವರ್ಷ ಆಯ್ತಪ್ಪ’ ಅನ್ನುತ್ತಾರೆ. ಅದು ಕೇಸ್‌ಶೀಟ್‌ಗೆ ಹೋಗುತ್ತದೆ, ಕೇಸ್‌ಶೀಟ್ ವಿಮಾ ಕಂಪನಿಗೆ ಹೋಗುತ್ತದೆ. ಆಗ ಆ ಕ್ಲೇಮ್ ತಿರಸ್ಕಾರ ಆಗುವುದಷ್ಟೇ ಅಲ್ಲ, ಪಾಲಿಸಿಯೇ ರದ್ದಾಗಬಹುದು. ಫೋನ್ ಮಾಡಿದವರು ಆ ಹೊತ್ತಿಗೆ ಬೇರೆ ಕೆಲಸದಲ್ಲಿರುತ್ತಾರೆ.

ನಿಜ ಬರೆದರೆ ಆಗುವುದೇನು? ಪ್ರೀಮಿಯಂ ಸ್ವಲ್ಪ ಏರಬಹುದು, ವೈದ್ಯಕೀಯ ಪರೀಕ್ಷೆ ಕೇಳಬಹುದು, ಶುಗರ್ ಮತ್ತು ಅದರಿಂದ ಬರುವ ತೊಂದರೆಗಳಿಗೆ ಕಾಯುವ ಅವಧಿ ಇರುತ್ತದೆ, ಅಲ್ಲಿಯವರೆಗೆ ಅವಕ್ಕೆ ಕ್ಲೇಮ್ ಸಿಗುವುದಿಲ್ಲ. 2024ರ ಏಪ್ರಿಲ್‌ನಿಂದ ಆ ಅವಧಿ 36 ತಿಂಗಳು ಮೀರುವಂತಿಲ್ಲ. ಮೊದಲು 48 ಇತ್ತು. ಹೆಚ್ಚು ಪ್ರೀಮಿಯಂಗೆ ಇದನ್ನು ಒಂದು ವರ್ಷಕ್ಕೋ ಇನ್ನೂ ಕಡಿಮೆಗೋ ಇಳಿಸುವ ಪಾಲಿಸಿಗಳೂ ಇವೆ, ನಿಮ್ಮ ತಾಯಿಗೆ ಆ ಹೆಚ್ಚುವರಿ ಹಣ ಸಾರ್ಥಕ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆ ಮುಂತಾದವಕ್ಕೆ ಪ್ರತ್ಯೇಕವಾಗಿ, ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿ 60 ತಿಂಗಳು ತಪ್ಪದೆ ನಡೆದ ಮೇಲೆ, ವಂಚನೆ ಸಾಬೀತಾದರೆ ಬಿಟ್ಟು, ‘ಮಾಹಿತಿ ಮುಚ್ಚಿಟ್ಟಿದ್ದೀರಿ’ ಎಂದು ಕಂಪನಿ ಕ್ಲೇಮ್ ನಿರಾಕರಿಸುವಂತಿಲ್ಲ.

ಅರ್ಜಿಯ ಆರೋಗ್ಯ ಪ್ರಶ್ನೆಗಳನ್ನು ಫೋನ್‌ನಲ್ಲಿ ಬೇರೆಯವರಿಂದ ತುಂಬಿಸಬೇಡಿ. ಓಟಿಪಿ ಹೇಳಿದ ಕ್ಷಣ ಅವರು ತುಂಬಿದ್ದೆಲ್ಲ ನೀವೇ ಘೋಷಿಸಿದಂತೆ. ಮಾತ್ರೆಯ ಹೆಸರು, ಪ್ರಮಾಣ, ಇತ್ತೀಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತಪರೀಕ್ಷೆ) ವರದಿ ಪಕ್ಕದಲ್ಲಿಟ್ಟುಕೊಂಡು ನೀವೇ ತುಂಬಿ. ಪಾಲಿಸಿ ಬಂದ ಮೇಲೆ ಅದರ ಜೊತೆಗಿರುವ ಅರ್ಜಿಯ ಪ್ರತಿಯಲ್ಲಿ ಶುಗರ್ ಎದುರು ‘ಹೌದು’ ಎಂದೇ ಇದೆಯೇ ನೋಡಿ. ‘ಇಲ್ಲ’ ಎಂದಿದ್ದರೆ ಅಂದೇ ಇಮೇಲ್ ಬರೆದು ತಿದ್ದಿಸಿ.

ತಾಯಿಯನ್ನು ನಿಮ್ಮ ಫ್ಯಾಮಿಲಿ ಫ್ಲೋಟರ್‌ಗೆ (ಇಡೀ ಕುಟುಂಬಕ್ಕೆ ಒಂದೇ ವಿಮಾ ಮೊತ್ತ ಇರುವ ಪಾಲಿಸಿಗೆ) ಸೇರಿಸಬೇಡಿ. ಫ್ಲೋಟರ್‌ನ ಬೆಲೆ ನಿಗದಿಯಾಗುವುದು ಮನೆಯ ಹಿರಿಯರ ವಯಸ್ಸಿನ ಮೇಲೆ; ಅವರಿಗೆ ಬೇರೆ ಪಾಲಿಸಿ ಮಾಡಿಸಿ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂಬ ಆದೇಶ 2025ರ ಜನವರಿಯಲ್ಲಿ ಬಂದಿದೆ.

ಪ್ರಶ್ನೆ: ಪೀಣ್ಯದ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ 3 ಲಕ್ಷ ಇದೆ. ಬೇರೆ ಬೇಕೇ?

ಬೇಕು. ಕೆಲಸ ಬಿಟ್ಟ ದಿನ ಆ 3 ಲಕ್ಷವೂ ಇರುವುದಿಲ್ಲ. ನಿಮಗೆ ಅಗ್ಗದ ದಾರಿ ಸೂಪರ್ ಟಾಪ್-ಅಪ್, ಅಂದರೆ ಒಂದು ನಿಗದಿತ ಮೊತ್ತ ಮೀರಿದ ಖರ್ಚನ್ನು ಮಾತ್ರ ಭರಿಸುವ ಪಾಲಿಸಿ. ವೆಬ್‌ಸೈಟ್‌ನಲ್ಲಿ ಡಿಡಕ್ಟಿಬಲ್ (ಆ ನಿಗದಿತ ಮೊತ್ತ) 3 ಲಕ್ಷ, ವಿಮಾ ಮೊತ್ತ 10 ಲಕ್ಷ ಎಂದು ಹಾಕಿ ನೋಡಿ. ಬರೀ ‘ಟಾಪ್-ಅಪ್’ ಬೇಡ. ವರ್ಷದಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿ ತಲಾ 2.5 ಲಕ್ಷ ಖರ್ಚಾಯಿತು ಅಂದುಕೊಳ್ಳಿ. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಬೇರೆ ನೋಡುವುದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ, 3 ಲಕ್ಷ ಮೀರಿದ 2 ಲಕ್ಷಕ್ಕೆ ಕ್ಲೇಮ್ ನೋಡುತ್ತದೆ. ಕೆಲಸ ಬಿಟ್ಟರೆ ಡಿಡಕ್ಟಿಬಲ್‌ನ ಮೊದಲ 3 ಲಕ್ಷ ನಿಮ್ಮ ಮೇಲೆಯೇ ಬೀಳುತ್ತದೆ. ಬಿಡುವ ಮುಂಚೆ ಎಚ್‌ಆರ್ ಬಳಿ ಗ್ರೂಪ್ ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸುವ ಬಗ್ಗೆ ವಿಚಾರಿಸಿ, ಕಾದ ಅವಧಿ ವ್ಯರ್ಥವಾಗುವುದಿಲ್ಲ. ನಿಮ್ಮ ಕೈಕೆಳಗಿನವರಲ್ಲಿ ತಿಂಗಳ ವೇತನ 21,000ದೊಳಗೆ ಇರುವವರಿಗೆ ಇಎಸ್‌ಐ ಇದೆ. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳ ಸೌಲಭ್ಯ ಕುಟುಂಬಕ್ಕೂ ಇದೆ ಎಂದು ಅವರಿಗೆ ತಿಳಿಸಿ.

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್. ಖಾಸಗಿ ವಿಮೆ ಕೊಳ್ಳಬೇಕೇ?

ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿ, ಅದಕ್ಕೆ ಪ್ರೀಮಿಯಂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಇದ್ದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ) ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ. ಯೋಜಿತ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಕೌಂಟರ್‌ನಲ್ಲಿ ವಾಪಸಾಗುವುದು ಇದೇ ಕಾರಣಕ್ಕೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಬೇಡ. ಅನುಮಾನವಿದ್ದರೆ 104ಕ್ಕೆ ಕರೆ ಮಾಡಿ ಕೇಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಪಾಲಿಸಿಯ ಕ್ಲೇಮ್ ತಿರಸ್ಕರಿಸಿದ್ದಾರೆ. ವೆಬ್‌ಸೈಟಿನವರು ಕಂಪನಿಯನ್ನು ಕೇಳಿ ಅನ್ನುತ್ತಾರೆ. ಎಲ್ಲಿಗೆ ಹೋಗಲಿ?

ತಿರಸ್ಕಾರಕ್ಕೆ ಪಾಲಿಸಿಯ ಯಾವ ಷರತ್ತು ಕಾರಣ ಎಂದು ಕಂಪನಿ ಬರವಣಿಗೆಯಲ್ಲಿ ತಿಳಿಸಬೇಕು. ಅದನ್ನು ಮೊದಲು ಪಡೆಯಿರಿ. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಡಿಸ್ಚಾರ್ಜ್ ಸಮ್ಮರಿ, ಬಿಲ್, ಅರ್ಜಿಯ ಪ್ರತಿ ಸಮೇತ ಇಮೇಲ್ ಕಳಿಸಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿಯೂ ದೂರು ನೋಂದಾಯಿಸಿ, ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದ ಕಚೇರಿ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ, ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಗ್ರಾಹಕ ನ್ಯಾಯಾಲಯದಲ್ಲಿ ಈಗಾಗಲೇ ಕೇಸು ಹಾಕಿದ್ದರೆ ಮಾತ್ರ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೊದಲು ಇಲ್ಲಿಗೇ ಹೋಗಿ.